ಪುಟ್ಟ ಕೋತಿಯ ರಕ್ತದಲ್ಲಿ ಪರೋಪಜೀವಿ ಹುಡುಕುವುದು: ಪ್ರತಿ ಹನಿಗೂ ಲೆಕ್ಕ

ಮಾರ್ಮೊಸೆಟ್, ಟ್ಯಾಮರಿನ್, ಅಳಿಲು ಕೋತಿಗಳಂಥ ಅಮೆರಿಕ ಖಂಡದ ಪುಟ್ಟ ಕೋತಿಗಳ ರಕ್ತ ಪರೀಕ್ಷೆಯಲ್ಲಿ ಎಲ್ಲರೂ ಎಡವುವ ಜಾಗ ಒಂದೇ. ಗಾಜಿನ ಸ್ಲೈಡಿನ ಮೇಲೆ ರಕ್ತದ ಒಂದು ತೆಳು ಲೇಪ ಎಳೆಯುತ್ತಾರೆ, ಬಣ್ಣ ಹಾಕುತ್ತಾರೆ, ಐದು ನಿಮಿಷ ನೋಡಿ ‘ಪರೋಪಜೀವಿ ಇಲ್ಲ’ ಎಂದು ಬರೆದುಬಿಡುತ್ತಾರೆ. ಮುಂದೊಂದು ದಿನ ಅದೇ ಪ್ರಾಣಿ ಸತ್ತು ಹೊಟ್ಟೆ ತೆರೆದರೆ ಬಿಳಿ ದಾರದ ಉಂಡೆಯಂತೆ ಹುಳುಗಳು. ಇಷ್ಟು ದಿನ ಅವುಗಳ ಮರಿಗಳು ರಕ್ತದಲ್ಲಿ ಓಡಾಡುತ್ತಲೇ ಇದ್ದವು. ನಾವು ನೋಡಿದ ಕಾಲು ಮೈಕ್ರೊಲೀಟರಿನಲ್ಲಿ ಇರಲಿಲ್ಲ, ಅಷ್ಟೇ.

ಕಾಡಿನ ಪುಟ್ಟ ಕೋತಿಗಳಲ್ಲಿ ಈ ಜೀವಿಗಳ ಸಂಖ್ಯೆ ಬಹುಪಾಲು ತೀರಾ ಕಡಿಮೆ. ಪ್ರಾಣಿಯೂ 350 ಗ್ರಾಮಿನದು, ಕೇಳಿದಷ್ಟು ರಕ್ತ ಕೊಡಲಾರದು. ಹಾಗಾಗಿ ಸಿಕ್ಕ ಒಂದು ಮಿಲಿಲೀಟರನ್ನು ಯಾವ ಕ್ರಮದಲ್ಲಿ ಹಂಚುತ್ತೀರಿ ಎನ್ನುವುದರ ಮೇಲೆ ಇಡೀ ಪರೀಕ್ಷೆ ನಿಂತಿದೆ.

ಪನಾಮಾದಿಂದ ಅಮೆಜಾನ್ ದಾಟಿ ಬ್ರೆಜಿಲ್‌ನ ಅಟ್ಲಾಂಟಿಕ್ ಕರಾವಳಿ ಕಾಡಿನವರೆಗಿನ ಕೋತಿಗಳಿಗೆ, ಮೃಗಾಲಯಗಳಲ್ಲಿರುವ ಅವುಗಳ ಬಂಧುಗಳಿಗೆ ಈ ಕ್ರಮ ಹೊಂದುತ್ತದೆ. ಕಳ್ಳಸಾಗಣೆಯಲ್ಲಿ ಬಂದು ನಮ್ಮ ರಕ್ಷಣಾ ಕೇಂದ್ರ ಸೇರುವ ಮಾರ್ಮೊಸೆಟ್‌ಗಳಿಗೂ ಅಷ್ಟೇ. ಎಲ್ಲಿ ಹುಟ್ಟಿತೆಂದು ಗೊತ್ತಿಲ್ಲದ ಪ್ರಾಣಿಯನ್ನು ಕಾಡಿನಿಂದ ಹಿಡಿದದ್ದೆಂದೇ ತಿಳಿದು ಮುಂದುವರಿಯಿರಿ.

## ಏನನ್ನು ಹುಡುಕುತ್ತಿದ್ದೀರಿ

ಮೂರು ಗುಂಪು ನೆನಪಿರಲಿ. ಮೊದಲನೆಯದು ಟ್ರಿಪನೊಸೋಮಾಗಳು, ರಕ್ತದಲ್ಲಿ ಈಜಾಡುವ ಏಕಕೋಶ ಜೀವಿಗಳು. ಅವುಗಳಲ್ಲಿ ಮೂರು ಪ್ರಭೇದ ಮುಖ್ಯ. ಮಿನಾಸೆನ್ಸೆ ದೊಡ್ಡದು, ರೋಗ ತರುವ ಲಕ್ಷಣ ಕಂಡಿಲ್ಲ. ರೇಂಜೆಲಿಯೂ ಹೆಚ್ಚುಕಡಿಮೆ ನಿರುಪದ್ರವಿ. ಕ್ರೂಜಿ ಮನುಷ್ಯರಲ್ಲಿ ಶಾಗಸ್ ಕಾಯಿಲೆ ತರುತ್ತದೆ. ರಿಯೊ ಡಿ ಜನೈರೊ ರಾಜ್ಯದ ಪೊಸೊ ದಾಸ್ ಆಂಟಾಸ್ ಅರಣ್ಯದ ಚಿನ್ನದ ಸಿಂಹ ಟ್ಯಾಮರಿನ್‌ಗಳಲ್ಲಿ ಕ್ರೂಜಿ ಸೋಂಕು ಚೆನ್ನಾಗಿ ದಾಖಲಾಗಿದೆ.

ಎರಡನೆಯದು ಮಲೇರಿಯಾದ ಪ್ಲಾಸ್ಮೋಡಿಯಂ. ಪುಟ್ಟ ಕೋತಿಗಳಲ್ಲಿ ಮುಖ್ಯವಾಗಿ ನೋಡಬೇಕಾದದ್ದು ಅದರ ಬ್ರೆಸಿಲಿಯಾನಮ್ ಪ್ರಭೇದ. ಕೆಂಪುಕಣದೊಳಗೆ ಇದು ಬೆಳೆದು ಹೊರಬರುವ ಚಕ್ರ 72 ಗಂಟೆಯದು. ಲೆನ್ಸಿನಡಿ ಮನುಷ್ಯರಲ್ಲಿ ಕಾಣುವ ‘ಪ್ಲಾಸ್ಮೋಡಿಯಂ ಮಲೇರಿಯೇ’ ಪ್ರಭೇದಕ್ಕೂ ಇದಕ್ಕೂ ವ್ಯತ್ಯಾಸ ಹೇಳಲಾಗದು.

ಮೂರನೆಯದು ಮೈಕ್ರೊಫೈಲೇರಿಯಾ, ಅಂದರೆ ಡಿಪೆಟಲೋನೆಮಾ, ಮ್ಯಾನ್ಸೊನೆಲ್ಲಾ ಜಾತಿಯ ಹುಳುಗಳ ಮರಿಗಳು. ಡಿಪೆಟಲೋನೆಮಾದ ದೊಡ್ಡ ಹುಳು ಹೊಟ್ಟೆಯ ಕುಹರದಲ್ಲಿ ವರ್ಷಗಟ್ಟಲೆ ಬದುಕುತ್ತದೆ.

## ಹಂತ 1: ಪ್ರಾಣಿ ಕೈಗೆ ಬರುವ ಮೊದಲೇ ಮೇಜು ಸಿದ್ಧವಿರಲಿ

ಸೂಜಿ ಚುಚ್ಚಿದ ಮೇಲೆ ಸ್ಲೈಡ್ ಹುಡುಕುವವರ ರಕ್ತ ಸಿರಿಂಜಿನಲ್ಲೇ ಹೆಪ್ಪುಗಟ್ಟುತ್ತದೆ. ಮೇಜಿನ ಮೇಲೆ ಎಡದಿಂದ ಬಲಕ್ಕೆ, ಬಳಸುವ ಕ್ರಮದಲ್ಲೇ ಜೋಡಿಸಿ:

- 1 ಮಿಲಿ ಸಿರಿಂಜ್, 25ರಿಂದ 27 ಗೇಜಿನ ಸೂಜಿ, ಸೂಜಿ ಹಾಕುವ ಗಟ್ಟಿ ಡಬ್ಬಿ
- ಕಲ್ಚರ್ ಟ್ಯೂಬ್ 2 (ಪರೋಪಜೀವಿಯನ್ನು ಟ್ಯೂಬಿನಲ್ಲಿ ಬೆಳೆಸಿ ನೋಡುವುದಿದ್ದರೆ)
- 0.5 ಮಿಲಿಯ ಪುಟ್ಟ ಇಡಿಟಿಎ ಟ್ಯೂಬ್ (ಇಡಿಟಿಎ ರಕ್ತ ಹೆಪ್ಪುಗಟ್ಟದಂತೆ ತಡೆಯುತ್ತದೆ)
- ಸ್ಪಿರಿಟ್‌ನಲ್ಲಿ ತೊಳೆದು ಒರೆಸಿದ ಸ್ಲೈಡ್ 6, ಅಂಚು ನಯವಾಗಿರುವ ಎಳೆಯುವ ಸ್ಲೈಡ್ 1
- 22×22 ಮಿ.ಮೀ. ಕವರ್‌ಸ್ಲಿಪ್, ಕ್ಯಾಪಿಲರಿ ನಳಿಕೆ, ಮುಚ್ಚಲು ಜೇಡಿ
- ಫಿಲ್ಟರ್ ಪೇಪರ್, ಸಿಲಿಕಾ ಜೆಲ್ ಹಾಕಿದ ಜಿಪ್ ಚೀಲ
- ಪೆನ್ಸಿಲ್

ಪೆನ್ಸಿಲ್ ಮರೆಯಬೇಡಿ. ಮಾರ್ಕರ್ ಪೆನ್ನಿನ ಅಕ್ಷರ ಮೆಥನಾಲ್‌ನಲ್ಲಿ ಕರಗಿ ಹೋಗುತ್ತದೆ, ಆಮೇಲೆ ಯಾವ ಸ್ಲೈಡ್ ಯಾವ ಪ್ರಾಣಿಯದೆಂದು ದೇವರೇ ಬಲ್ಲ. ಒಂದು ತುದಿ ಉಜ್ಜಿ ಮಬ್ಬಾಗಿಸಿದ ಸ್ಲೈಡ್ ತೆಗೆದುಕೊಂಡು ಆ ತುದಿಯಲ್ಲಿ ಪ್ರಾಣಿಯ ಗುರುತು, ದಿನಾಂಕ, ರಕ್ತ ತೆಗೆದ ಗಂಟೆ ಬರೆದಿಡಿ. ಗಂಟೆ ಏಕೆಂಬುದು ಹಂತ 8ರಲ್ಲಿ ತಿಳಿಯುತ್ತದೆ.

ಪರವಾನಗಿ ಇದಕ್ಕೂ ಮೊದಲಿನ ಕೆಲಸ. ಬ್ರೆಜಿಲ್‌ನಲ್ಲಿ ಕಾಡುಪ್ರಾಣಿಯ ಮಾದರಿ ತೆಗೆಯಲು ಸಿಸ್‌ಬಿಯೊ ಎಂಬ ಸರಕಾರಿ ವ್ಯವಸ್ಥೆಯ ಅನುಮತಿ ಬೇಕು, ನಮ್ಮಲ್ಲಿ ಅರಣ್ಯ ಇಲಾಖೆಯದು.

## ಹಂತ 2: ಎಷ್ಟು ರಕ್ತ, ಯಾರ ಕೈಯಿಂದ

ಪ್ರಾಣಿಯನ್ನು ಅಂದೇ ತೂಗಿ. ಕಳೆದ ತಿಂಗಳ ತೂಕ ನಂಬಬೇಡಿ. ಕೋತಿಯ ಮೈಯಲ್ಲಿ ರಕ್ತ ಕಿಲೋಗೆ ಸುಮಾರು 60ರಿಂದ 70 ಮಿಲಿ. 350 ಗ್ರಾಮಿನ ಮಾರ್ಮೊಸೆಟ್‌ನಲ್ಲಿ ಒಟ್ಟು 21ರಿಂದ 24 ಮಿಲಿ, ಎಂದರೆ ಐದು ಟೀ ಚಮಚ. ಆರೋಗ್ಯವಂತ ಪ್ರಾಣಿಯಿಂದ ಒಂದು ಸಲಕ್ಕೆ ಇದರ ಹತ್ತನೇ ಒಂದು ಭಾಗ ಮೇಲಿನ ಮಿತಿ. ನಮ್ಮ ಕೆಲಸಕ್ಕೆ 1 ಮಿಲಿ ಸಾಕು. 120 ಗ್ರಾಮಿನ ಪಿಗ್ಮಿ ಮಾರ್ಮೊಸೆಟ್ ಆದರೆ 0.3 ಮಿಲಿಗೆ ನಿಲ್ಲಿಸಿ, ಕಲ್ಚರ್ ಕೈಬಿಡಿ. ಒಸಡು ಬಿಳಿಚಿದ್ದರೆ, ಪ್ರಾಣಿ ಸೊರಗಿದ್ದರೆ ಅರ್ಧಕ್ಕೆ ಇಳಿಸಿ.

ಅರಿವಳಿಕೆ ಕೊಡುವುದು, ತೊಡೆಯ ಸಂದಿನ ರಕ್ತನಾಳದಿಂದ ರಕ್ತ ತೆಗೆಯುವುದು ಪಶುವೈದ್ಯರ ಕೆಲಸ. ಅಲ್ಲಿ ಅಪಧಮನಿಯ ಬಡಿತ ಬೆರಳಿಗೆ ಸಿಗುತ್ತದೆ, ಅಭಿಧಮನಿ ಅದರ ಒಳಪಕ್ಕದಲ್ಲಿರುತ್ತದೆ. ಸೂಜಿ ತೆಗೆದ ಮೇಲೆ ಕನಿಷ್ಠ ಎರಡು ನಿಮಿಷ ಬಿಡದೆ ಒತ್ತಿ ಹಿಡಿಯಬೇಕು. ಹತ್ತು ಸೆಕೆಂಡಿಗೊಮ್ಮೆ ಎತ್ತಿ ನೋಡಿದರೆ ಒಳಗೇ ರಕ್ತ ಸೋರಿ ತೊಡೆ ಊದಿಕೊಳ್ಳುತ್ತದೆ. ಈ ಗಾತ್ರದ ಪ್ರಾಣಿಗೆ ಅದೇ ದೊಡ್ಡ ನಷ್ಟ.

ಮಾರ್ಮೊಸೆಟ್‌ಗಳು ಬೇಗ ತಣ್ಣಗಾಗುತ್ತವೆ, ರಕ್ತದ ಸಕ್ಕರೆಯೂ ಬೇಗ ಇಳಿಯುತ್ತದೆ. ರಾತ್ರಿಯಿಡೀ ಉಪವಾಸ ಕೆಡವಬೇಡಿ. ಬೆಚ್ಚಗಿನ ಬಟ್ಟೆ ಹಾಸಿ, ಎಚ್ಚರವಾಗಿ ನುಂಗತೊಡಗಿದ ತಕ್ಷಣ ಹಣ್ಣು ಕೊಡಿ.

ಮಾಸ್ಕ್ ನಿಮ್ಮೊಬ್ಬರಿಗಾಗಿ ಅಲ್ಲ. ತುಟಿಯಂಚಿನ ಗುಳ್ಳೆ ತರುವ ನಮ್ಮ ಹರ್ಪಿಸ್ ವೈರಸ್ ಮಾರ್ಮೊಸೆಟ್, ಇರುಳು ಕೋತಿಗಳನ್ನು ಕೊಲ್ಲುತ್ತದೆ. ಗುಳ್ಳೆ ಎದ್ದವರು ಆ ದಿನ ಕೋಣೆಯೊಳಗೆ ಬರಲೇಕೂಡದು. ನಿಮ್ಮ ಕಡೆಯಿಂದ ನೋಡಿದರೆ, ಕಾಡಿನ ಪ್ರಾಣಿಯ ರಕ್ತದಲ್ಲಿ ಜೀವಂತ ಕ್ರೂಜಿ ಇರಬಹುದು. ಸೂಜಿಗೆ ಮತ್ತೆ ಮುಚ್ಚಳ ಹಾಕಬೇಡಿ, ಕನ್ನಡಕ ತೆಗೆಯಬೇಡಿ. ಬ್ರೆಜಿಲ್‌ನ ಸೆಯಾರಾ ಪ್ರಾಂತ್ಯದಲ್ಲಿ ಮಾರ್ಮೊಸೆಟ್ ಕಚ್ಚಿ ರೇಬೀಸ್ ಬಂದ ಪ್ರಕರಣಗಳಿವೆ, ಕಚ್ಚಿದರೆ ಸುಮ್ಮನಿರಬೇಡಿ.

## ಹಂತ 3: ಮೊದಲ ಎರಡು ನಿಮಿಷ

ಬರೀ ಸಿರಿಂಜಿನ ರಕ್ತ ಹೆಪ್ಪುಗಟ್ಟಲು ಹೆಚ್ಚು ಹೊತ್ತು ಬೇಡ. ಆದ್ದರಿಂದ ಈ ಕ್ರಮ ಬದಲಿಸಬೇಡಿ.

ಮೊದಲು ಕಲ್ಚರ್ ಟ್ಯೂಬ್‌ಗಳಿಗೆ, ಪ್ರತಿಯೊಂದಕ್ಕೂ 0.2 ಮಿಲಿ. ಸೂಜಿ ಸ್ಲೈಡಿಗೆ ತಾಗಿದ ಮೇಲೆ ಆ ರಕ್ತ ಶುದ್ಧವಾಗಿರುವುದಿಲ್ಲ, ಕಲ್ಚರ್‌ನಲ್ಲಿ ಬ್ಯಾಕ್ಟೀರಿಯಾ ಮಾತ್ರ ಬೆಳೆಯುತ್ತವೆ.

ಎರಡನೆಯದು ಇಡಿಟಿಎ ಟ್ಯೂಬ್, 0.5 ಮಿಲಿ. ಸೂಜಿ ಕಳಚಿ ಗೋಡೆಗುಂಟ ನಿಧಾನ ಬಿಡಿ. ಸೂಜಿಯ ಮೂಲಕ ರಭಸದಿಂದ ತಳ್ಳಿದರೆ ಕೆಂಪುಕಣ ಒಡೆಯುತ್ತವೆ. ಎಂಟು-ಹತ್ತು ಸಲ ಮೆಲ್ಲಗೆ ತಲೆಕೆಳಗು ಮಾಡಿ, ಕುಲುಕಬೇಡಿ. ಟ್ಯೂಬಿನ ಗುರುತಿಗಿಂತ ತೀರಾ ಕಡಿಮೆ ರಕ್ತ ಹಾಕಿದರೆ ಇಡಿಟಿಎ ಹೆಚ್ಚಾಗಿ ಕಣಗಳು ಸುಕ್ಕುಗಟ್ಟುತ್ತವೆ. ಇಲ್ಲಿ ಇಡಿಟಿಎ ಬದಲು ಹೆಪಾರಿನ್ ಬಳಸಲೇಬೇಡಿ, ಅದು ಡಿಎನ್‌ಎ ಪತ್ತೆಹಚ್ಚುವ ಪಿಸಿಆರ್ ಕ್ರಿಯೆಯನ್ನೇ ತಡೆಯುತ್ತದೆ.

ಸಿರಿಂಜಿನ ತುದಿಯಲ್ಲಿ ಉಳಿದ ಹನಿಗಳು ನೇರ ಸ್ಲೈಡಿಗೆ: ಎರಡು ದಪ್ಪ ಲೇಪ, ಎರಡು ತೆಳು ಲೇಪ. ಮಿಕ್ಕಿದ್ದೆಲ್ಲ, ಎಂದರೆ ಹಸಿ ಹನಿ, ಕ್ಯಾಪಿಲರಿ, ಫಿಲ್ಟರ್ ಪೇಪರ್, ಇಡಿಟಿಎ ರಕ್ತದಿಂದ ಆಗುತ್ತದೆ, ಅವಕ್ಕೆ ಒಂದು ಗಂಟೆಯಷ್ಟು ಸಮಯವಿದೆ.

## ಹಂತ 4: ಜೀವಂತ ನೋಟ

ಹಸಿ ಹನಿ. ಸ್ಲೈಡಿನ ಮೇಲೆ 5 ಮೈಕ್ರೊಲೀಟರ್, ಮೇಲೆ ಕವರ್‌ಸ್ಲಿಪ್. ಕಂಡೆನ್ಸರ್ ಇಳಿಸಿ, ಬೆಳಕಿನ ಕಿಂಡಿ ಕಿರಿದು ಮಾಡಿ, 40ರ ಲೆನ್ಸಿನಲ್ಲಿ ಸಾಲು ಸಾಲಾಗಿ ನೋಡಿ. ಮೊದಲು ಕಣ್ಣಿಗೆ ಬೀಳುವುದು ಪರೋಪಜೀವಿಯಲ್ಲ, ಅದು ಎಬ್ಬಿಸುವ ಗಲಾಟೆ. ಸದ್ದಿಲ್ಲದೆ ನಿಂತ ಕೆಂಪುಕಣಗಳ ನಡುವೆ ಒಂದು ಮೂಲೆಯಲ್ಲಿ ಮಾತ್ರ ನಾಲ್ಕಾರು ಕಣಗಳು ತಳ್ಳಿಸಿಕೊಂಡು ಅಲುಗುತ್ತವೆ. ಅಲ್ಲೇ ನಿಲ್ಲಿ. ಟ್ರಿಪನೊಸೋಮಾ ಆದರೆ ಸಣ್ಣ ಬಳುಕುವ ಮೈ, ಮೈಕ್ರೊಫೈಲೇರಿಯಾ ಆದರೆ ಚಾಟಿಯಂತೆ ಬಡಿಯುವ ಉದ್ದನೆಯ ಹುಳು. ಇಡೀ ಕವರ್‌ಸ್ಲಿಪ್ ನೋಡದೆ ಬಿಡಬೇಡಿ.

ಕ್ಯಾಪಿಲರಿ. ಎರಡು ನಳಿಕೆ ಮುಕ್ಕಾಲು ಭಾಗ ತುಂಬಿಸಿ, ಜೇಡಿಯಿಂದ ಮುಚ್ಚಿ, ಮೈಕ್ರೊಹೆಮಟೊಕ್ರಿಟ್ ಯಂತ್ರದಲ್ಲಿ 5 ನಿಮಿಷ ತಿರುಗಿಸಿ. ಬೆಂಕಿಯಲ್ಲಿ ಸುಟ್ಟು ಮುಚ್ಚಬೇಡಿ, ಶಾಖಕ್ಕೆ ಜೀವಿಗಳು ಸಾಯುತ್ತವೆ. ನಳಿಕೆ ಒಡೆದರೆ ಯಂತ್ರ ಪೂರ್ತಿ ನಿಂತು ಅರ್ಧ ಗಂಟೆ ಕಳೆಯುವವರೆಗೆ ಮುಚ್ಚಳ ತೆಗೆಯಬೇಡಿ. ಕೆಂಪುಕಣದ ಕಂಬ, ಅದರ ಮೇಲೆ ತೆಳ್ಳನೆಯ ಬಿಳಿ ಗೆರೆ, ಮೇಲೆ ಪ್ಲಾಸ್ಮಾ. ಟ್ರಿಪನೊಸೋಮಾ, ಹುಳುಮರಿ ಎರಡೂ ಆ ಬಿಳಿ ಗೆರೆಯ ನೆತ್ತಿಯಲ್ಲಿ ಸೇರುತ್ತವೆ. ನಳಿಕೆಯನ್ನು ಸ್ಲೈಡಿಗೆ ಅಂಟಿಸಿ, ಗೆರೆಯ ಜಾಗವನ್ನೇ 10ರ ಲೆನ್ಸಿನಲ್ಲಿ ಹಿಡಿದು ನಳಿಕೆ ಉರುಳಿಸುತ್ತ ನೋಡಿ.

ಪುಟ್ಟ ಪ್ರಾಣಿಗೆ ಇಷ್ಟು ಕಡಿಮೆ ರಕ್ತದಲ್ಲಿ ಇಷ್ಟು ಲಾಭ ಕೊಡುವ ಪರೀಕ್ಷೆ ಬೇರಿಲ್ಲ. ಕಂಬದ ಎತ್ತರ ಅಳೆದರೆ ಪಿಸಿವಿಯೂ, ಎಂದರೆ ರಕ್ತದಲ್ಲಿ ಕೆಂಪುಕಣದ ಶೇಕಡಾ ಪಾಲೂ, ಅಲ್ಲೇ ಸಿಗುತ್ತದೆ. ಅದು 30ಕ್ಕಿಂತ ಕೆಳಗಿದ್ದರೆ ರಕ್ತಹೀನತೆ ಸ್ಪಷ್ಟ. ಇನ್ನು ರಕ್ತ ಕೇಳಬೇಡಿ, ವೈದ್ಯರಿಗೆ ಹೇಳಿ. ಆದರೆ ಪ್ಲಾಸ್ಮೋಡಿಯಂಗೆ ಈ ಹಂತ ಉತ್ತರ ಕೊಡದು.

## ಹಂತ 5: ಲೇಪಗಳು

ದಪ್ಪ ಲೇಪ: 6ರಿಂದ 10 ಮೈಕ್ರೊಲೀಟರ್ ಹನಿ. ಇನ್ನೊಂದು ಸ್ಲೈಡಿನ ಮೂಲೆಯಿಂದ ಸುತ್ತಿಸಿ 1 ಸೆಂ.ಮೀ. ಅಗಲದ ವೃತ್ತ ಮಾಡಿ. ಒದ್ದೆಯಿರುವಾಗ ಸ್ಲೈಡಿನಡಿ ಹಳೆ ಪತ್ರಿಕೆ ಇಟ್ಟರೆ ಅಕ್ಷರ ಕಷ್ಟಪಟ್ಟು ಓದುವಂತಿರಬೇಕು. ಓದಲಾಗದಷ್ಟು ದಪ್ಪವಾದರೆ ಒಣಗಿ ಬಿರುಕು ಬಿಟ್ಟು ತೊಳೆಯುವಾಗ ಚಕ್ಕೆಯಾಗಿ ಎದ್ದುಹೋಗುತ್ತದೆ.

ತೆಳು ಲೇಪ: 2ರಿಂದ 3 ಮೈಕ್ರೊಲೀಟರ್ ಸಾಕು. ಎಳೆಯುವ ಸ್ಲೈಡನ್ನು 30ರಿಂದ 45 ಡಿಗ್ರಿ ಕೋನದಲ್ಲಿ ಹಿಡಿದು ಹನಿಗೆ ತಾಗಿಸಿ, ಅಂಚಿನುದ್ದಕ್ಕೂ ಹರಡಿದ ಮೇಲೆ ಒಂದೇ ಓಟದಲ್ಲಿ ಎಳೆಯಿರಿ. ಕೊನೆ ನಾಲಿಗೆಯಂತೆ ಸ್ಲೈಡಿನೊಳಗೇ ಮುಗಿಯಬೇಕು. ಹನಿ ದೊಡ್ಡದಾಗಿ ತುದಿಯಾಚೆ ರಕ್ತ ಹೋದರೆ ಆ ಸ್ಲೈಡ್ ಬಿಸಾಡಿ. ಹುಳುಮರಿ, ಟ್ರಿಪನೊಸೋಮಾಗಳಂಥ ದೊಡ್ಡ ಜೀವಿಗಳು ತುದಿಗೆ, ಅಂಚಿಗೆ ತಳ್ಳಿಸಿಕೊಂಡು ಹೋಗುತ್ತವೆ. ತುದಿ ಕಳೆದರೆ ಅವೂ ಹೋದಂತೆ.

ಜಾಗ ಉಳಿಸಲು ಒಂದೇ ಸ್ಲೈಡಿನಲ್ಲಿ ಎರಡೂ ಲೇಪ ಮಾಡುವ ರೂಢಿ ಬಿಡಿ. ತೆಳು ಲೇಪಕ್ಕೆ ಹಾಕಿದ ಮೆಥನಾಲ್, ಅದರ ಆವಿಯೂ ಸಹ, ದಪ್ಪ ಲೇಪಕ್ಕೆ ತಾಗಿ ಅದನ್ನು ಕೆಡಿಸುತ್ತದೆ.

ಒಣಗಿಸುವಾಗ ಸ್ಲೈಡ್ ಸಮತಟ್ಟಾಗಿ, ಬಲೆಯ ಕೆಳಗಿರಲಿ. ಇರುವೆ, ನೊಣ, ಜಿರಲೆಗಳು ಒಂದು ರಾತ್ರಿಯಲ್ಲಿ ಲೇಪ ನೆಕ್ಕಿ ಖಾಲಿ ಮಾಡುತ್ತವೆ. ಬಿಸಿಲು, ಬಲ್ಬು, ಹೇರ್ ಡ್ರೈಯರ್‌ನ ಬಿಸಿಗಾಳಿ ಬೇಡ. ಬಿಸಿಗೆ ದಪ್ಪ ಲೇಪದ ಕೆಂಪುಕಣ ಗಟ್ಟಿಯಾಗಿ ಕೂತುಬಿಡುತ್ತವೆ, ಆಮೇಲೆ ಎಷ್ಟು ತೊಳೆದರೂ ಕೆಂಪು ಬಿಡುವುದಿಲ್ಲ.

## ಹಂತ 6: ಗೀಮ್ಸಾ ಬಣ್ಣ

ತೆಳು ಲೇಪವನ್ನು ಶುದ್ಧ ಮೆಥನಾಲ್‌ನಲ್ಲಿ ಒಂದು ನಿಮಿಷ ಅದ್ದಿ ಒಣಗಿಸಿ. ದಪ್ಪ ಲೇಪಕ್ಕೆ ಮೆಥನಾಲ್ ಇಲ್ಲ. ಅದರ ಕೆಂಪುಕಣ ಬಣ್ಣದ ನೀರಿನಲ್ಲೇ ಒಡೆದು ಹಿಮೋಗ್ಲೋಬಿನ್ ಕರಗಿ ಹೋಗಬೇಕು.

3 ಮಿಲಿ ಗೀಮ್ಸಾ ಸಾರಕ್ಕೆ ಪಿಎಚ್ 7.2ರ ಬಫರ್ ನೀರು 97 ಮಿಲಿ, ಸಮಯ 45ರಿಂದ 60 ನಿಮಿಷ. ಅವಸರವಿದ್ದರೆ 10 ಶೇಕಡಾ ದ್ರಾವಣ, 10ರಿಂದ 15 ನಿಮಿಷ. ಕಡಿಮೆ ಸಂಖ್ಯೆಯ ಜೀವಿ ಹುಡುಕುವಾಗ ನಿಧಾನದ್ದೇ ಒಳ್ಳೆಯದು, ಹಿನ್ನೆಲೆ ಸ್ವಚ್ಛ ಬರುತ್ತದೆ. ಕಲಸಿದ ಬಣ್ಣ ಅಂದಿಗೇ ಮುಗಿಯಲಿ.

ಬಣ್ಣ ಚೆಲ್ಲುವ ರೀತಿಯಲ್ಲೇ ಅರ್ಧ ಜನ ಸ್ಲೈಡ್ ಹಾಳು ಮಾಡುತ್ತಾರೆ. ಹೊತ್ತು ಕಳೆದಂತೆ ದ್ರಾವಣದ ಮೇಲೆ ಹಸಿರು ಹೊಳಪಿನ ಕೆನೆ ಕಟ್ಟುತ್ತದೆ. ಸ್ಲೈಡ್ ವಾಲಿಸಿ ಬಣ್ಣ ಸುರಿದರೆ ಆ ಕೆನೆ ಲೇಪದ ಮೇಲೆಯೇ ಇಳಿದು ಅಂಟುತ್ತದೆ. ಸ್ಲೈಡನ್ನು ಸಮನಾಗಿಯೇ ಇಟ್ಟು ಒಂದು ಬದಿಯಿಂದ ಬಫರ್ ನೀರು ಬಿಡಿ, ಕೆನೆ ತೇಲಿಕೊಂಡು ಹೊರಗೆ ಹೋಗಲಿ, ಆಮೇಲೆ ತೊಳೆಯಿರಿ. ದಪ್ಪ ಲೇಪಕ್ಕೆ ನೀರಿನ ಧಾರೆ ಹಿಡಿಯಬೇಡಿ.

ಎಚ್ಚರಿಕೆಯ ಗುರುತುಗಳು:

- ಎಲ್ಲವೂ ಗುಲಾಬಿ, ಬಿಳಿಕಣದ ಕೇಂದ್ರವೂ ಮಸುಕು: ನೀರು ಆಮ್ಲೀಯವಾಗಿದೆ. ಪಿಎಚ್ ಅಳೆಯಿರಿ.
- ಕೆಂಪುಕಣಗಳ ಮೇಲೆ ಹೊಳೆಯುವ ಗುಳ್ಳೆ: ಮೆಥನಾಲ್ ನೀರು ಹೀರಿದೆ. ಮಳೆಗಾಲದಲ್ಲಿ ಬಾಟಲಿ ತೆರೆದಿಡುವವರಿಗೆ ಇದು ತಪ್ಪದು.
- ಹಿನ್ನೆಲೆಯೆಲ್ಲ ಕಪ್ಪು-ನೇರಳೆ ಹರಳು: ಸಾರವನ್ನು ಸೋಸಿಲ್ಲ, ಅಥವಾ ಅದಕ್ಕೆ ಒದ್ದೆ ಪಿಪೆಟ್ ತಾಗಿದೆ.

ಕಾಡಿನಲ್ಲಿದ್ದು ಬಣ್ಣ ಹಾಕಲು ತಡವಾದರೆ ತೆಳು ಲೇಪವನ್ನಾದರೂ ಅಂದೇ ಮೆಥನಾಲ್‌ಗೆ ಅದ್ದಿಡಿ. ದಪ್ಪ ಲೇಪ ಎರಡು-ಮೂರು ದಿನ ಮೀರಿದರೆ ತಾನೇ ಗಟ್ಟಿಯಾಗುತ್ತದೆ.

## ಹಂತ 7: ಲೆನ್ಸಿನಡಿ

100ರ ಎಣ್ಣೆ ಲೆನ್ಸಿನಲ್ಲಿ ದಪ್ಪ ಲೇಪದ 100 ಫೀಲ್ಡ್ (ಒಮ್ಮೆಗೆ ಕಾಣುವ ವೃತ್ತವೇ ಒಂದು ಫೀಲ್ಡ್) ನೋಡಿದರೆ ಸುಮಾರು 0.25 ಮೈಕ್ರೊಲೀಟರ್ ರಕ್ತ ನೋಡಿದಂತೆ. ಮೈಕ್ರೊಲೀಟರಿಗೆ ನಾಲ್ಕೇ ಪರೋಪಜೀವಿ ಇರುವ ಪ್ರಾಣಿಯಲ್ಲಿ ಅಷ್ಟಕ್ಕೆ ಸರಾಸರಿ ಒಂದು ಸಿಗಬೇಕು, ಎಷ್ಟೋ ಸಲ ಅದೂ ಸಿಗುವುದಿಲ್ಲ. ಹಾಗಾಗಿ ಎರಡೂ ದಪ್ಪ ಲೇಪ ಸೇರಿ ಕನಿಷ್ಠ 200 ಫೀಲ್ಡ್. ಅದಕ್ಕೂ ಮೊದಲು 10ರ ಲೆನ್ಸಿನಲ್ಲಿ ಇಡೀ ಲೇಪ ಒಮ್ಮೆ ಸುತ್ತಿ ಬನ್ನಿ. ಹುಳುಮರಿ ದೊಡ್ಡ ಲೆನ್ಸಿಗಿಂತ ಅಲ್ಲೇ ಚೆನ್ನಾಗಿ ಕಾಣುತ್ತದೆ.

ದಪ್ಪ ಲೇಪ ‘ಇದೆಯೇ’ ಎಂದು ಹೇಳುತ್ತದೆ, ತೆಳು ಲೇಪ ‘ಯಾವುದು’ ಎಂದು. ಅಳತೆಗೆ ಕೆಂಪುಕಣವೇ ಕೋಲು, ಅದರ ಅಗಲ 6ರಿಂದ 7 ಮೈಕ್ರಾನ್.

ಟ್ರಿಪನೊಸೋಮಾ ಸಿಕ್ಕರೆ ಮೊದಲು ಹಿಂತುದಿಯ ಕೈನೆಟೊಪ್ಲಾಸ್ಟ್, ಎಂದರೆ ಗಾಢ ಬಣ್ಣದ ಡಿಎನ್‌ಎ ಚುಕ್ಕಿ ನೋಡಿ. ಅದು ದಪ್ಪ ಗುಂಡು ಮಣಿಯಂತೆ ತುದಿಯಲ್ಲೇ ಉಬ್ಬಿದ್ದು, ಮೈ ಮೂರು ಕೆಂಪುಕಣದಷ್ಟು ಉದ್ದ, ಸಿ ಅಥವಾ ಎಸ್ ಆಕಾರದಲ್ಲಿ ಬಾಗಿದ್ದರೆ ಕ್ರೂಜಿಯ ಅನುಮಾನ. ಕೈನೆಟೊಪ್ಲಾಸ್ಟ್ ಸಣ್ಣ ಚುಕ್ಕಿಯಾಗಿ ತುದಿಯಿಂದ ಒಳಗೆ ಸರಿದಿದ್ದು, ಮೈ ನಾಲ್ಕೈದು ಕಣದಷ್ಟು ಉದ್ದವಿದ್ದರೆ ರೇಂಜೆಲಿ ಅಥವಾ ಮಿನಾಸೆನ್ಸೆ, ಇನ್ನೂ ಅಗಲವಾಗಿದ್ದರೆ ಮಿನಾಸೆನ್ಸೆ ಕಡೆಗೆ. ದಪ್ಪ ಲೇಪದಲ್ಲಿ ಮೈ ಮುರುಟಿರುತ್ತದೆ, ಅದನ್ನು ನೋಡಿ ಹೆಸರು ಹೇಳಬೇಡಿ. ಸೆರೆಯ ಪ್ರಾಣಿಯಲ್ಲಿ ಇಲಿಯ ಲೂಯಿಸಿ ಟ್ರಿಪನೊಸೋಮಾವನ್ನೂ ಮನಸ್ಸಿನಲ್ಲಿಡಿ. ಪಂಜರದಲ್ಲಿ ಇಲಿ, ಅದರ ಚಿಗಟ ಇರುವಲ್ಲಿ ಅದು ದಾಟಿ ಬರಬಹುದು.

ಪ್ಲಾಸ್ಮೋಡಿಯಂ ವಿಷಯದಲ್ಲಿ ತಪ್ಪು ಪಾಸಿಟಿವ್‌ಗೆ ದೊಡ್ಡ ಕಾರಣ ಹೋವೆಲ್-ಜಾಲಿ ಕಣ, ಎಂದರೆ ಕೆಂಪುಕಣದೊಳಗೆ ಉಳಿದುಹೋದ ಕೇಂದ್ರದ ಚೂರು. ಮಾರ್ಮೊಸೆಟ್, ಟ್ಯಾಮರಿನ್‌ಗಳ ಕೆಂಪುಕಣದಲ್ಲಿ ಇದು ಸಾಮಾನ್ಯವಾಗಿಯೇ ಇರುತ್ತದೆ. ಮನುಷ್ಯರ ರಕ್ತ ನೋಡಿ ಕಲಿತ ಕಣ್ಣಿಗೆ ಅದು ಮಲೇರಿಯಾದಂತೆ ತೋರುತ್ತದೆ. ಅದು ಒಂದೇ ಗುಂಡು ಚುಕ್ಕಿ, ಗಾಢ ನೇರಳೆ, ಅಂಚು ಚೊಕ್ಕ, ಸುತ್ತ ಏನೂ ಇಲ್ಲ. ಪ್ಲಾಸ್ಮೋಡಿಯಂ ಆಗಬೇಕಾದರೆ ಕೆಂಪು ಚುಕ್ಕಿಯ ಜೊತೆ ನೀಲಿ ಮೈಯೂ ಇರಬೇಕು, ಬೆಳೆದಿದ್ದರೆ ಕಂದು-ಕಪ್ಪು ವರ್ಣಕವೂ ಇರಬೇಕು. ಕೆಂಪುಕಣದ ಮೇಲೆ ಕೂತ ಪ್ಲೇಟ್‌ಲೆಟ್ ಮೋಸ ಮಾಡಿದರೆ ಫೋಕಸ್ ಮೇಲೆ ಕೆಳಗೆ ಆಡಿಸಿ, ಅದು ಬೇರೆ ಮಟ್ಟದಲ್ಲಿ ಸ್ಪಷ್ಟವಾಗುತ್ತದೆ. ಕಣಕ್ಕೆ ಅಡ್ಡಲಾಗಿ ಪಟ್ಟಿ ಕಟ್ಟಿದಂಥ ರೂಪ, ಕಣದ ಗಾತ್ರ ಹಿಗ್ಗದಿರುವುದು ಇವೆರಡೂ ಕೂಡಿದರೆ ಬ್ರೆಸಿಲಿಯಾನಮ್.

ಎಣಿಕೆಗೆ 200 ಬಿಳಿಕಣ ಎಣಿಸುವಷ್ಟರಲ್ಲಿ ಕಂಡ ಪರೋಪಜೀವಿಗಳನ್ನು ಆ ಪ್ರಾಣಿಯದೇ ಬಿಳಿಕಣ ಸಂಖ್ಯೆಯಿಂದ ಗುಣಿಸಿ 200ರಿಂದ ಭಾಗಿಸಿ. ಮನುಷ್ಯರಿಗೆ ಹಾಕುವ 8000ದ ಅಂಕಿ ಇಲ್ಲಿ ಹಾಕಬೇಡಿ.

## ಹಂತ 8: ಹುಳುಮರಿಗೆ ನಾಟ್ ವಿಧಾನ, ಮರುಪರೀಕ್ಷೆ

ಇಡಿಟಿಎ ರಕ್ತ 0.1 ಮಿಲಿಗೆ 2 ಶೇಕಡಾ ಫಾರ್ಮಲಿನ್ 0.9 ಮಿಲಿ ಸೇರಿಸಿ ಅಲುಗಿಸಿ. ಕೆಂಪುಕಣ ಒಡೆದು ದ್ರಾವಣ ತಿಳಿಯಾಗುತ್ತದೆ. ನಿಮಿಷಕ್ಕೆ 1500 ಸುತ್ತಿನಲ್ಲಿ 5 ನಿಮಿಷ ತಿರುಗಿಸಿ ಮೇಲಿನದ್ದನ್ನು ಚೆಲ್ಲಿ, ತಳದ ಗಸಿಗೆ ಒಂದು ಹನಿ ಮೆಥಿಲೀನ್ ಬ್ಲೂ. ಮರಿಗಳು ನೆಟ್ಟಗೆ ಚಾಚಿ ಸಾಯುವುದರಿಂದ ಉದ್ದ ಅಳೆಯಲು ಇದೇ ಅನುಕೂಲ. ಚೀಲದಂಥ ಪೊರೆ ಇದೆಯೇ, ಬಾಲದ ತುದಿವರೆಗೆ ಕೇಂದ್ರಗಳಿವೆಯೇ ಎಂದು ಬರೆದಿಡಿ. ಜಾತಿಯ ಹೆಸರು ದೊಡ್ಡ ಹುಳು ಅಥವಾ ಪಿಸಿಆರ್ ಸಿಕ್ಕ ಮೇಲೆ.

ಮೊದಲ ಸಲ ಏನೂ ಸಿಗದಿದ್ದರೆ ಮತ್ತೆ ಪೂರ್ತಿ ರಕ್ತ ತೆಗೆಯಬೇಕಿಲ್ಲ. ಹಿಮ್ಮಡಿ ಅಥವಾ ಬಾಲದ ತುದಿ ಚುಚ್ಚಿ 10ರಿಂದ 20 ಮೈಕ್ರೊಲೀಟರಿನ ದಪ್ಪ ಲೇಪ ಸತತ ಮೂರು ದಿನ ಮಾಡಿ. ಬ್ರೆಸಿಲಿಯಾನಮ್ ಚಕ್ರ ಮೂರು ದಿನದ್ದಾದ್ದರಿಂದ ಯಾವುದಾದರೊಂದು ದಿನ ಗುರುತಿಸಬಲ್ಲ ರೂಪ ಸಿಗುವ ಅವಕಾಶ ಹೆಚ್ಚು. ಒಂದು ದಿನ ಬೆಳಿಗ್ಗೆ, ಒಂದು ದಿನ ಸಂಜೆ ತೆಗೆಯಿರಿ. ಕೆಲವು ಹುಳುಗಳ ಮರಿಗಳು ದಿನದ ಹೊತ್ತಿಗೆ ತಕ್ಕಂತೆ ಮೇಲ್ಮೈ ರಕ್ತಕ್ಕೆ ಬರುತ್ತವೆ. ಸ್ಲೈಡಿನ ಮೇಲೆ ಗಂಟೆ ಬರೆಯಲು ಹೇಳಿದ್ದು ಇದಕ್ಕೇ. ತಿಂಗಳೊಳಗೆ ತೆಗೆದ ಒಟ್ಟು ರಕ್ತ ಮೈಯ ರಕ್ತದ 15 ಶೇಕಡಾ ಮೀರದಿರಲಿ.

## ಹಂತ 9: ಕಲ್ಚರ್, ಪಿಸಿಆರ್

ಕ್ರೂಜಿ ದೀರ್ಘಕಾಲದ ಸೋಂಕಿನಲ್ಲಿ ಸ್ಲೈಡಿಗೆ ಸಿಗುವುದು ಅಪರೂಪ. ಎನ್‌ಎನ್‌ಎನ್ ಎಂಬ ರಕ್ತ ಬೆರೆಸಿದ ಅಗರ್ ತಳದ ಮೇಲೆ ಲಿಟ್ ಎಂಬ ಪೋಷಕ ದ್ರವ ಹಾಕಿದ ಟ್ಯೂಬ್‌ಗಳನ್ನು 26ರಿಂದ 28 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟು ಹದಿನೈದು ದಿನಕ್ಕೊಮ್ಮೆ ನೋಡಿ. ಮೊದಲ ತಿಂಗಳಲ್ಲಿ ಏನೂ ಇಲ್ಲವೆಂದು ಎಸೆಯಬೇಡಿ, ಕೆಲವು ತಿಂಗಳು ಕಾಯುವುದು ವಾಡಿಕೆ. ಕಲ್ಚರ್ ಬೆಳೆಯಿತೆಂದರೆ ಕೆಲಸ ಮಾಡುವವರಿಗೆ ಸೋಂಕು ತಗುಲುವ ಅಪಾಯ ಎಷ್ಟೋ ಪಟ್ಟು ಹೆಚ್ಚುತ್ತದೆ. ಸುರಕ್ಷಿತ ಕ್ಯಾಬಿನೆಟ್ ಇಲ್ಲದ ಪ್ರಯೋಗಾಲಯ ಇದಕ್ಕೆ ಕೈಹಾಕಬಾರದು.

ಫಿಲ್ಟರ್ ಪೇಪರಿಗೆ 50 ಮೈಕ್ರೊಲೀಟರಿನ ಎರಡು ಹನಿ, ನೆರಳಲ್ಲಿ ಪೂರ್ತಿ ಒಣಗಿದ ಮೇಲೆ ಚೀಲಕ್ಕೆ. ಒದ್ದೆಯಿರುವಾಗಲೇ ಮುಚ್ಚಿದರೆ ಬೂಸ್ಟು ಹಿಡಿದು ಡಿಎನ್‌ಎ ಹಾಳು. ಎರಡು ಪ್ರಾಣಿಗಳ ಪೇಪರ್ ಒಂದೇ ಚೀಲದಲ್ಲಿ ಬೇಡ, ಪಂಚ್ ಮಾಡುವ ಉಪಕರಣವನ್ನು ನಡುವೆ ಶುಚಿ ಮಾಡಿ.

## ವರದಿ ಬರೆಯುವಾಗ

‘ಪರೋಪಜೀವಿ ಇಲ್ಲ’ ಎಂದು ಬರೆಯಬೇಡಿ. ‘ದಪ್ಪ ಲೇಪ 2, ಒಟ್ಟು 200 ಫೀಲ್ಡ್, ಕ್ಯಾಪಿಲರಿ 2, ನಾಟ್ 0.1 ಮಿಲಿ, ಬೆಳಿಗ್ಗೆ 10 ಗಂಟೆಯ ರಕ್ತ, ಕಂಡುಬಂದಿಲ್ಲ’ ಎಂದು ಬರೆಯಿರಿ. ಮುಂದೆ ಆ ಪ್ರಾಣಿಯನ್ನು ಬೇರೆ ಗುಂಪಿಗೆ ಸೇರಿಸುವವರಿಗೆ ಎಷ್ಟು ಹುಡುಕಿದ್ದೀರಿ ಎಂಬುದು ತಿಳಿಯಬೇಕು.

ಮಿನಾಸೆನ್ಸೆ ಸಿಕ್ಕಿತೆಂದು ಔಷಧ ಕೊಡುವ ಆತುರ ಬೇಡ. ಕ್ರೂಜಿ ಎಂಬ ಅನುಮಾನವಿದ್ದರೆ ಅಂದೇ ತಿಳಿಸಿ: ಯಾರ ಕೈಗೆ ಚುಚ್ಚಿದೆ, ಪಂಜರದ ಸಂದಿಯಲ್ಲಿ ರಕ್ತ ಹೀರುವ ತಿಗಣೆ ಜಾತಿಯ ಕೀಟ ಇದೆಯೇ ಎಂದು ನೋಡಬೇಕಾಗುತ್ತದೆ. ಅಮೆರಿಕದ ಟೆಕ್ಸಾಸ್‌ನಲ್ಲಿ ಹೊರಾಂಗಣದಲ್ಲಿ ಸಾಕಿದ ಕೋತಿಗಳಿಗೆ ಸ್ಥಳೀಯ ಕೀಟಗಳಿಂದಲೇ ಕ್ರೂಜಿ ತಗುಲಿದೆ. ಮೊದಲು ನೆಗೆಟಿವ್ ಇದ್ದ ಪ್ರಾಣಿ ಸಾಗಣೆ, ಶಸ್ತ್ರಚಿಕಿತ್ಸೆ ಅಥವಾ ಸ್ಟಿರಾಯ್ಡ್ ಬಳಿಕ ಮಂಕಾದರೆ ಅಂದೇ ದಪ್ಪ ಲೇಪ ಮಾಡಿ. ಅಡಗಿದ್ದ ಮಲೇರಿಯಾ ಏಳುವುದು ಹೀಗೆಯೇ.

ನಮ್ಮ ಮಲೆನಾಡಿನಲ್ಲಿ ಸತ್ತ ಮಂಗನಿಂದ ರಕ್ತ ತೆಗೆಯಲು ಈ ಮಾರ್ಗದರ್ಶಿ ಬಳಸಬೇಡಿ. ಅಲ್ಲಿ ಮೊದಲ ಅನುಮಾನ ಉಣ್ಣಿಯಿಂದ ಹರಡುವ ಮಂಗನ ಕಾಯಿಲೆ. ಮುಟ್ಟದೆ, ಹತ್ತಿರವೂ ಸುಳಿಯದೆ ಆರೋಗ್ಯ ಇಲಾಖೆಗೆ ಅಥವಾ ಅರಣ್ಯ ಇಲಾಖೆಗೆ ತಿಳಿಸಿ.